ಕೆಂಚಪ್ಪನ ಹಂಡೆ

“ಯಕ್ಕಾ, ನೀ ಹಿರೇಕಿ ಅಂತ ಮರ್ಯಾದಿ ಕೊಟ್ಟ ಹೇಳ್ತೀನಿ, ನಿನ್ನಂಥ ಕಳ್ಳಿ ಈ ಏಳೂರಾಗ ಹುಟ್ಟಿಲ್ಲ, ಇನ್ನ ಹುಟ್ಟೂದೂ ಇಲ್ಲ.”

“ಹೌದ? ನಿಮ್ಮವ್ವ ನಿನ್ನ ಹಡದಾಗ ಸೂಲಗಿತ್ತಿ ಕೂಸಿನ ಬಾಯಿ ನೋಡಿ ಮನಿ ಬಿಟ್ಟ ಓಡಿದ್ಲಂತ. ಹೊಕ್ಕಳಾ ಕೊಯ್ಯಾಕ ನಿಮ್ಮಪ್ಪನ ಬರಬೇಕಾತಂತ.”

“ಮಾತ ತಿರುವಬ್ಯಾಡ. ನನ್ನ ಶಾವಗಿ ಮಣಿ ನನಗ ಕೊಡು.”

“ನಿನ್ನ ಮಣಿ? ಅತ್ತಿ ಸಾಯೂ ಮುಂದ ಆಕಿ ಬಾಯಾಗ ನೀರ ಬಿಟ್ಟಾಕಿ ನಾನು. ನೀ ಆವಾಗ ತವರಮನ್ಯಾಗ ಕುಂತು ಹೋಳಿಗಿ ಕಟಿಯಾಕ ಹತ್ತಿದ್ದಿ.”

ಹೋಳಿಗೆಯ ಮಾತು ಬಂತೆಂದರೆ ನನಗೆ ತಡೆಯಲಾಗುವುದಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ. ಅಷ್ಟರಲ್ಲಿ ನನ್ನ ಮತ್ತು ಕಾಶವ್ವನ ನಡುವೆ ಇದ್ದ ಹಂಡೆ ಗೊಳಗೊಳ ಅನ್ನತೊಡಗಿತು. ಒಳಗಿನಿಂದ ಕೆಂಚಪ್ಪ ಬಂದು ಮುಚ್ಚಳ ಸರಿಸಿ ನೋಡಿ, ಸಾಕು, ಇದೇ ಹದ ಇರಲಿ ಎಂಬಂತೆ ಕೈ ಆಡಿಸಿದ. ಸಾರು ಉಕ್ಕಿ ಚೆಲ್ಲಿದರೆ ಅವನಿಗೆ ಸಂಕಟ. ನಾನು ದನಿ ಸ್ವಲ್ಪ ಇಳಿಸಿ, ಹೋಳಿಗೆ ಬಿಟ್ಟು ಅವಳ ತಮ್ಮನ ಕುಡಿತದ ವಿಷಯ ಎತ್ತಿಕೊಂಡೆ. ಅದು ಸಣ್ಣ ಉರಿಯ ವಿಷಯ.

ನಮ್ಮೂರಲ್ಲಿ ಒಲೆಗಿಂತ ಬಾಯಿ ಮುಖ್ಯ. ಇಬ್ಬರು ಎದುರುಬದುರು ಕೂತು ಮನಸಾರೆ ಜಗಳಾಡಿದರೆ ನಡುವೆ ಇಟ್ಟದ್ದು ಕಾಯುತ್ತದೆ. ಹೊಸದಾಗಿ ಮದುವೆಯಾದವರು ಪಾಪ, ತಿಂಗಳುಗಟ್ಟಲೆ ತಣ್ಣಗಿನದನ್ನೇ ಉಣ್ಣುತ್ತಾರೆ. ಅವರ ಮನೆಯಲ್ಲಿ ಮೊದಲ ಸಲ ಚಹಾ ಬಿಸಿಯಾದ ದಿನ, ಸಂಸಾರ ನೆಲೆಯಾಯಿತೆಂದು ಅತ್ತೆ ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ. ಜಗಳ ಬಾರದ ಮನೆಯವರು ಕಟ್ಟಿಗೆ ತರಿಸಿಕೊಳ್ಳುತ್ತಾರೆ. ಅಂಥವರನ್ನು ಕಟ್ಟಿಗೆಯವರು ಅನ್ನುತ್ತೇವೆ. ಅವರ ಮನೆಗೆ ಹೆಣ್ಣು ಕೊಡುವ ಮುಂಚೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಪಂಚಾಯಿತಿ ಚುನಾವಣೆ ಬಂತೆಂದರೆ ಬಾವಿಯ ನೀರನ್ನು ಸೇದಿ ಹಾಗೇ ಮೈಮೇಲೆ ಹೊಯ್ದುಕೊಳ್ಳಬಹುದು, ಕಾಯಿಸುವುದೇ ಬೇಡ.

ಆದರೆ ಮೋಸ ನಡೆಯುವುದಿಲ್ಲ. ನಾಟಕದ ಜಗಳಕ್ಕೆ ನೀರು ಬೆಚ್ಚಗೂ ಆಗುವುದಿಲ್ಲ. ಒಮ್ಮೆ ಜಗಳದ ರುಚಿ ಕಂಡ ಪಾತ್ರೆ ಆಮೇಲೆ ಬೆಂಕಿಗೆ ಜಗ್ಗುವುದಿಲ್ಲ, ಅದರ ಕೆಳಗೆ ಒಂದು ಬಂಡಿ ಕಟ್ಟಿಗೆ ಸುಟ್ಟರೂ ಅಷ್ಟೇ. ಮತ್ತೆ, ಒಬ್ಬರ ಸಿಟ್ಟಿಗೆ ಏನೂ ಕಾಯುವುದಿಲ್ಲ. ಎದುರಿನವರು ತಿರುಗಿ ಅನ್ನಬೇಕು. ನನ್ನ ಗಂಡ ಸತ್ತ ಹೊಸತರಲ್ಲಿ ಅವನ ಫೋಟೋದ ಮುಂದೆ ಹಾಲಿಟ್ಟುಕೊಂಡು, ನನ್ನನ್ನು ಬಿಟ್ಟುಹೋದದ್ದಕ್ಕೆ ಬಾಯಿಗೆ ಬಂದಂತೆ ಬೈದೆ. ಫೋಟೋ ತಿರುಗಿ ಬೈಯುತ್ತದೆಯೇ? ಹಾಲು ತಣ್ಣಗೇ ಇತ್ತು. ತಣ್ಣನೆಯದನ್ನೇ ಕುಡಿದು ಮಲಗಿದೆ.

ಗಂಡ ಹೋದ ಮೇಲೆ ನನಗೆ ಉಳಿದದ್ದು ಕಾಶವ್ವ. ಅವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಅವಳ ಗಂಡ ನನ್ನ ಗಂಡನಿಗಿಂತ ಮೊದಲೇ ಹೋಗಿದ್ದ. ಒಂದೇ ಮನೆ, ನಡುವೆ ಒಂದು ಮೋಟು ಗೋಡೆ. ಅತ್ತೆಯ ಶಾವಿಗೆ ಮಣೆ ಗೋಡೆಯ ಆಚೆ ಉಳಿದಿತ್ತು. ಹಲಸಿನ ಮರದ್ದು, ಅತ್ತೆಯ ಅಂಗೈ ಉಜ್ಜಿ ಉಜ್ಜಿ ಕನ್ನಡಿಯಂತೆ ನುಣುಪಾದದ್ದು. ಅದನ್ನು ನನಗೆ ಕೊಡುತ್ತೇನೆಂದು ಅತ್ತೆ ನೂರು ಸಲ ಅಂದಿದ್ದಳು. ಸಾಯುವಾಗ ತನಗೇ ಕೊಟ್ಟಳೆಂದು ಕಾಶವ್ವ ಹೇಳಿದಳು. ಅವತ್ತಿನಿಂದ ಗೋಡೆಯ ಮೇಲೆ ಒಂದು ತಪ್ಪಲೆ ಇಟ್ಟು ಜಗಳಾಡುತ್ತಿದ್ದೆವು. ಅರ್ಧ ಬಿಸಿನೀರು ಅವಳಿಗೆ, ಅರ್ಧ ನನಗೆ.

ಕೆಂಚಪ್ಪನ ನಿಜವಾದ ಹೆಸರು ಕೆಂಜಿ. ಜಪಾನಿನವನು. ಊರು ಅವನನ್ನು ಒಂದೇ ವಾರದಲ್ಲಿ ಕೆಂಚಪ್ಪ ಮಾಡಿಕೊಂಡಿತು. ಇಲ್ಲಿಗೆ ಯಾಕೆ ಬಂದ, ಯಾವ ದಾರಿ ಹಿಡಿದು ಬಂದ, ಯಾರೂ ಕೇಳಲಿಲ್ಲ. ಬರುವಾಗ ಎದೆಗವುಚಿಕೊಂಡು ಒಂದು ಉಕ್ಕಿನ ಡಬರಿ ತಂದಿದ್ದ. ಅದರಲ್ಲಿ ಅವನ ಅಜ್ಜನ ಕಾಲದ ಸಾರು. ಉಂಡಷ್ಟು ತೆಗೆಯುವುದು, ತೆಗೆದಷ್ಟಕ್ಕೆ ಕೋಳಿ ಎಲುಬು, ಶುಂಠಿ, ನೀರು ಸೇರಿಸುವುದು. ಅಜ್ಜನ ಅಂಗಡಿಯಿಂದ ಇವತ್ತಿನ ತನಕ ಅದು ಆರಿಯೇ ಇಲ್ಲವಂತೆ. ಒಮ್ಮೆ ಆರಿದರೆ ಸತ್ತ ಹಾಗೆ, ಮತ್ತೆ ಬದುಕುವುದಿಲ್ಲವಂತೆ. ಇದನ್ನು ಅವನು ಕೈಸನ್ನೆಯಲ್ಲಿ ಹೇಳುವಾಗ ಕೊನೆಗೆ ಕಣ್ಣು ಮುಚ್ಚಿ ನೆಲದ ಮೇಲೆ ಅಂಗಾತ ಮಲಗಿ ತೋರಿಸಿದ. ನಮಗೆ ಚೆನ್ನಾಗಿ ತಿಳಿಯಿತು.

ಹಳೆಯ ಹಿಟ್ಟಿನ ಗಿರಣಿಯನ್ನು ಬಾಡಿಗೆಗೆ ಹಿಡಿದು, ಬಾಗಿಲಿಗೆ ಮೊಣಕೈಯುದ್ದದ ನೀಲಿ ಪರದೆ ಕಟ್ಟಿದ. ಪಾಪ, ಬಟ್ಟೆ ಸಾಲಲಿಲ್ಲವೇನೋ ಎಂದು ದರ್ಜಿ ಮೋದಿನಸಾಬ ತಾನೇ ಹೋಗಿ ಒಂದು ಗಜ ಕೊಟ್ಟುಬಂದ. ಡಬರಿಯ ಸಾರು ಸುರಿಯಲೆಂದು ಒಂದು ಹಂಡೆ ತಂದು, ಅದನ್ನು ಕಾಯಿಸಲು ಮೊದಲು ಇಬ್ಬರು ವಕೀಲರನ್ನು ಕೂರಿಸಿಕೊಂಡ. ಅವರ ಜಗಳಕ್ಕೆ ಹಂಡೆಯ ಅಂಚು ಕೂಡ ಬೆಚ್ಚಗಾಗಲಿಲ್ಲ. ಆಮೇಲೆ ಯಾರೋ ನಮ್ಮ ಓಣಿ ತೋರಿಸಿದರು. ಅವನು ಬಂದ ಹೊತ್ತಿಗೆ ನಮ್ಮ ತಪ್ಪಲೆ ಕುದಿದು ಮುಚ್ಚಳ ಕುಣಿಯುತ್ತಿತ್ತು. ಅವನು ಸೊಂಟ ಮುರಿಯುವಷ್ಟು ಬಾಗಿದ. ಎದ್ದಾಗ ಕಣ್ಣಲ್ಲಿ ನೀರಿತ್ತು. ನಮ್ಮ ಜಗಳಕ್ಕೆ ಅಷ್ಟು ಮರ್ಯಾದೆ ಕೊಟ್ಟವರು ಹಿಂದೆ ಯಾರೂ ಇರಲಿಲ್ಲ.

ಅಂದಿನಿಂದ ಗಿರಣಿಯ ಹಿತ್ತಿಲಲ್ಲಿ ಹಂಡೆಯ ಆಚೆ ಒಂದು ಗೋಣಿತಟ್ಟು ಅವಳಿಗೆ, ಈಚೆ ಒಂದು ನನಗೆ. ಬೆಳಗಿನ ಜಗಳ ಚೆನ್ನಾಗಿ ಬಿದ್ದರೆ ಅದರ ಕಾವು ಮರುದಿನದ ತನಕ ನಿಲ್ಲುತ್ತಿತ್ತು. ಮುಂದುಗಡೆ ಊರೆಲ್ಲ ಸಾಲಾಗಿ ಬೆಂಚಿನ ಮೇಲೆ ಕೂತು ಉಣ್ಣುತ್ತಿತ್ತು. ದೊಡ್ಡ ಬೋಗುಣಿ, ಅದರ ತುಂಬ ಹೊಗೆಯಾಡುವ ಸಾರು, ಸಾರಿನಲ್ಲಿ ಉದ್ದುದ್ದ ಶಾವಿಗೆ, ಮೇಲೆ ಸೀಳಿದ ಮೊಟ್ಟೆ, ಈರುಳ್ಳಿಯ ಹಸಿರು ಎಲೆ, ಅಂಚಿಗೆ ಒಂದು ಕರಿಯ ಹಾಳೆ. ರಾಮೆನ್ ಎಂದು ಕೆಂಚಪ್ಪ ಹೇಳಿಕೊಟ್ಟರೂ ಊರಿನವರ ಬಾಯಲ್ಲಿ ಅದು ಉದ್ದ ಶಾವಿಗೆಯೇ. ಕರಿಯ ಹಾಳೆಯನ್ನು ಟಪಾಲಿನ ನಾಗಪ್ಪ ಕಾರ್ಬನ್ ಪೇಪರ್ ಎಂದು ತಿಳಿದು ತೆಗೆದು ಜೇಬಿಗಿಟ್ಟುಕೊಂಡ. ಕಡಲ ಪಾಚಿ ಎಂದು ತಿಳಿದ ಮೇಲೆ ಜೇಬಿನಿಂದಲೇ ತೆಗೆದು ತಿಂದ.

ಜನ ಮರುಳಾದದ್ದು ರುಚಿಗಿಂತ ಹೆಚ್ಚಾಗಿ ಸದ್ದಿಗೆ. ಸೊರ್ ಎಂದು ಸದ್ದು ಮಾಡಿ ಹೀರಬೇಕು, ಅದೇ ಅಡುಗೆಯವನಿಗೆ ಮರ್ಯಾದೆ ಎಂದು ಕೆಂಚಪ್ಪ ಹೀರಿ ತೋರಿಸಿದ. ಚಿಕ್ಕಂದಿನಲ್ಲಿ ಸದ್ದು ಮಾಡಿ ಉಂಡದ್ದಕ್ಕೆ ಅವ್ವಂದಿರಿಂದ ಬೆನ್ನಿಗೆ ಗುದ್ದು ತಿಂದ ಜನ ನಾವು. ಹೆಡ್ ಮಾಸ್ತರರು ಮೊದಲು ಅತ್ತಿತ್ತ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಎಂಥ ಸದ್ದು ತೆಗೆದರೆಂದರೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ಅಲ್ಲಿಂದ ಮುಂದೆ ಯಾರಿಗೂ ತಡೆ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತು ಗಿರಣಿ ಮತ್ತೆ ಓಡುತ್ತಿದೆಯೇನೋ ಅನ್ನಿಸುವಷ್ಟು ಸದ್ದು.

ಕೆಂಚಪ್ಪ ಕನ್ನಡ ಕಲಿತದ್ದು ನಮ್ಮಿಬ್ಬರಿಂದ. ಬೆಳಗಿನಿಂದ ಅವನ ಕಿವಿಗೆ ಬೀಳುತ್ತಿದ್ದದ್ದು ನಮ್ಮ ಬೈಗುಳ ಮಾತ್ರ. ಗಿರಾಕಿ ಬಂದರೆ ಬಾಗಿ ಕೈ ಮುಗಿದು, ನಿನ್ನ ಹೆಣಾ ಎತ್ಲಿ, ಬರ್ರಿ ಎಂದು ಕರೆಯುತ್ತಿದ್ದ. ಬೋಗುಣಿ ಮುಂದಿಟ್ಟು, ತಿನ್ನ ಖೋಡಿ ಎಂದು ಮೆಲ್ಲಗೆ ನಗುತ್ತಿದ್ದ. ಯಾರೂ ತಿದ್ದಲಿಲ್ಲ. ಅಷ್ಟು ಮೃದುವಾಗಿ ಬೈಸಿಕೊಳ್ಳುವುದು ನಮ್ಮೂರಿನವರಿಗೆ ಹೊಸದಾಗಿತ್ತು. ಬೈಸಿಕೊಳ್ಳಲಿಕ್ಕೆಂದೇ ಎರಡನೇ ಸಲ ಬರುವವರಿದ್ದರು.

ಹೀಗೆ ಒಂದು ವರ್ಷ ಸುಖವಾಗಿ ಜಗಳಾಡಿದೆವು. ಆಮೇಲೆ ಕೆಂಚಪ್ಪ ಒಂದು ತಪ್ಪು ಮಾಡಿದ. ಅವನದೂ ತಪ್ಪಲ್ಲ, ಹೊರಗಿನವನು. ಅಂಗಡಿಗೆ ವರ್ಷ ತುಂಬಿದ ದಿನ ನಾವಿಬ್ಬರೂ ಮುಂದುಗಡೆ ಬೆಂಚಿನ ಮೇಲೆ ಕೂತು ಉಣ್ಣಬೇಕೆಂದು ಹಟ ಹಿಡಿದ. ಅಲ್ಲಿಯ ತನಕ ನಾವು ಅವನ ಶಾವಿಗೆಯನ್ನು ಬಾಯಿಗೆ ಹಾಕಿರಲಿಲ್ಲ. ಜಗಳ ಮುಗಿಸಿ ಅವಳು ಅವಳ ರೊಟ್ಟಿ, ನಾನು ನನ್ನ ರೊಟ್ಟಿ. ಅತ್ತೆಯ ದಿನಕರ್ಮದ ಊಟದ ನಂತರ ಒಂದೇ ಸಾಲಿನಲ್ಲಿ ಕೂತವರೇ ಅಲ್ಲ. ನಮ್ಮೂರಲ್ಲಿ ಜಗಳದವರನ್ನು ಮಗ್ಗುಲಲ್ಲಿ ಕೂರಿಸಿ ಉಣಿಸುವ ಹುಚ್ಚುತನ ಯಾರೂ ಮಾಡುವುದಿಲ್ಲ. ಅವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ, ಅವತ್ತಿನ ಶಾವಿಗೆಯನ್ನು ಕಾಶವ್ವನೇ ಕೈಯಿಂದ ಹೊಸೆಯಬೇಕೆಂದ. ಅವಳು ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು.

ಎಷ್ಟೋ ವರ್ಷದ ಮೇಲೆ ಆ ಮಣೆಯನ್ನು ಗೋಡೆಯ ಈಚೆ ನೋಡಿದೆ. ನನ್ನ ರಕ್ತ ಕುದಿಯಿತು. ಹಂಡೆಯೂ ಕುದಿಯಿತು. ಬೆಳಗಿನ ಜಗಳ ಎಷ್ಟು ಚೆನ್ನಾಗಿ ಬಿತ್ತೆಂದರೆ ಕೆಂಚಪ್ಪ ನಾಲ್ಕು ಕಡೆ ಹಸಿ ಗೋಣಿ ಸುತ್ತಿ ಹಂಡೆಯನ್ನು ತಣಿಸಬೇಕಾಯಿತು. ಆಮೇಲೆ ಅವಳು ಮಣೆಯ ಹಿಂದೆ ಕಾಲು ಚಾಚಿ ಕೂತಳು. ಶಾವಿಗೆ ಹೊಸೆಯಲು ಒಬ್ಬರು ಸಾಲದು. ಒಬ್ಬರು ಹಿಟ್ಟನ್ನು ಮಣೆಯ ಮೇಲೆ ಉಜ್ಜುತ್ತ ಎಳೆ ಬಿಟ್ಟರೆ, ಇನ್ನೊಬ್ಬರು ತುದಿ ಹಿಡಿದು ಹರಿಯದಂತೆ ಎಳೆದು ಕೋಲಿಗೆ ಹಾಕಬೇಕು. ಕೆಂಚಪ್ಪ ಹಿಡಿದ, ಹರಿಯಿತು. ನಾಗಪ್ಪ ಹಿಡಿದ, ಅವನ ಕೈಗೇ ಅಂಟಿತು. ಕಾಶವ್ವ ಯಾರ ಮುಖವನ್ನೂ ನೋಡದೆ ಕೂತಿದ್ದಳು. ನೋಡಲಾರದೆ ನಾನೇ ಹೋಗಿ ತುದಿ ಹಿಡಿದೆ. ಅವಳಿಗಾಗಿ ಅಲ್ಲ, ಹಿಟ್ಟು ಹಾಳಾಗಬಾರದೆಂದು. ಅವಳ ಅಂಗೈ ಮುಂದೆ ಸರಿದಾಗ ನನ್ನ ಬೆರಳು ಹಿಂದೆ ಸರಿಯಿತು. ಎಳೆ ಕೂದಲಿನಷ್ಟು ಸಣ್ಣಗೆ ಬಂತು, ಬರುತ್ತಲೇ ಇತ್ತು.

ಬೆಂಚಿನ ಮೇಲೆ ನಮ್ಮನ್ನು ಮಗ್ಗುಲಿಗೆ ಮಗ್ಗುಲು ಕೂರಿಸಿದರು. ಅಂಗಡಿ ಗಿಜಿಗುಡುತ್ತಿತ್ತು. ಕೆಂಚಪ್ಪ ಎರಡು ಬೋಗುಣಿ ತಂದಿಟ್ಟು, ತಿನ್ರಿ, ನಿಮ್ಮ ಬಾಯಾಗ ಮಣ್ಣ ಬೀಳಲಿ ಎಂದು ಬಾಗಿದ. ಕೈಗೆ ಎರಡು ಕಡ್ಡಿ ಕೊಟ್ಟ. ನನಗೆ ಅದು ಬರಲಿಲ್ಲ. ಒಂದು ಕಡ್ಡಿ ಹಾರಿ ಹೆಡ್ ಮಾಸ್ತರರ ಸಾರಿನಲ್ಲಿ ಬಿತ್ತು. ಅವರು ಅದನ್ನು ಚೀಪಿ ಒರೆಸಿ ವಾಪಸು ಕೊಟ್ಟರು. ಕಾಶವ್ವ ಕಡ್ಡಿಯನ್ನು ಮುಡಿಗೆ ಸಿಕ್ಕಿಸಿಕೊಂಡು ಬೆರಳಿನಿಂದಲೇ ಶಾವಿಗೆ ಎತ್ತಿ, ತಲೆ ಮೇಲೆ ಮಾಡಿ ಬಾಯಿಗೆ ಇಳಿಬಿಟ್ಟು ಹೀರಿದಳು. ಎಳೆ ಉದ್ದ. ಹೀರಿದಷ್ಟೂ ಬರುತ್ತಿತ್ತು. ಕೊನೆಯ ತುದಿ ಚಾಟಿಯಂತೆ ಬಂದು ಅವಳ ಮೂಗಿಗೇ ಚಟ್ಟನೆ ಹೊಡೆಯಿತು.

ನಾನು ಮುಖ ತಿರುಗಿಸಿದೆ. ನನ್ನ ಬೋಗುಣಿಗೆ ಬಾಯಿ ಹಚ್ಚಿ ನಾನೂ ಹೀರಿದೆ. ಸಾರು ಬೇರೆ ದೇಶದ್ದು, ಶಾವಿಗೆ ಮಾತ್ರ ನಮ್ಮ ಅಡುಗೆಮನೆಯದು. ನಾಲಿಗೆಯ ಮೇಲೆ ಅದೇ ನುಣುಪು. ಅತ್ತೆಯ ಕೈ. ಸೊರ್ ಅಂದ ನನ್ನ ಸದ್ದು ಕೇಳಿ ಕಾಶವ್ವ ಬೆಚ್ಚಿ ನನ್ನ ಕಡೆ ನೋಡಿದಳು.

“ಫಕೀರಿ, ಬಾಗಲ ಹಿಂದ ಅತ್ತಿ,” ಎಂದು ನನ್ನ ಹೆಸರು ಹಿಡಿದು ಅಂದಳು.

ಅಷ್ಟೇ ಅಂದದ್ದು. ನಾವು ಹೊಸ ಸೊಸೆಯಂದಿರಾಗಿದ್ದಾಗ ಅತ್ತೆ ನಮ್ಮ ಊಟದಲ್ಲಿ ಒಂದು ಸದ್ದು ಕೇಳಿದರೆ ಸವಟಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು. ಎಲ್ಲರದೂ ಊಟವಾದ ಮೇಲೆ ತಾನು ಮಾತ್ರ ಬಾಗಿಲ ಹಿಂದೆ ನಿಂತು, ಪಾಯಸದ ತಪ್ಪಲೆಗೇ ಬಾಯಿ ಹಚ್ಚಿ, ಎಮ್ಮೆ ಕಲಗಚ್ಚು ಕುಡಿಯುವ ಹಾಗೆ ಹೀರುತ್ತಿದ್ದಳು. ನಾವಿಬ್ಬರು ಗೋಡೆಗೆ ಕಿವಿ ಹಚ್ಚಿ, ಬಾಯಿಗೆ ಸೆರಗು ತುರುಕಿಕೊಂಡು ನಗು ತಡೆಯುತ್ತಿದ್ದೆವು. ಆಗ ತಡೆದ ನಗುವೆಲ್ಲ ಎಲ್ಲಿ ಕೂತಿತ್ತೋ, ಅವತ್ತು ಬಂತು. ನನ್ನ ಮೂಗಿನಿಂದ ಸಾರು ಬಂತು. ಕಾಶವ್ವ ನನ್ನ ತೊಡೆಗೆ ಬಡಿದು ಬಡಿದು ನಕ್ಕಳು. ನಾನು ಅವಳ ಹೆಗಲಿಗೆ ತಲೆ ಆನಿಸಿ ನಕ್ಕೆ. ಯಾಕೆ ನಗುತ್ತಿದ್ದೇವೆಂದು ತಿಳಿಯದೆ ಬೆಂಚಿನ ಈ ತುದಿಯಿಂದ ಆ ತುದಿಯ ತನಕ ಎಲ್ಲರೂ ನಗತೊಡಗಿದರು.

ಮೊದಲು ನೋಡಿದವನು ಮೋದಿನಸಾಬ. ಅವನ ಬೋಗುಣಿಯ ಹೊಗೆ ಮಲಗಿತ್ತು. ನೋಡನೋಡುತ್ತ ಎಲ್ಲರ ಸಾರಿನ ಮೇಲೂ ಜಿಡ್ಡು ಬಿಳಿಯ ಕೆನೆಯಂತೆ ಕಟ್ಟಿತು. ಹಿತ್ತಿಲಿನ ಗೊಳಗೊಳ ನಿಂತುಹೋಗಿತ್ತು. ಕೆಂಚಪ್ಪ ಅಲ್ಲಿಗೆ ಓಡಿದ. ನಾವೂ ಹಿಂದೆ ಓಡಿದೆವು, ನಗುತ್ತಲೇ. ಅವನು ಹಂಡೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಿದ್ದ, ಜ್ವರ ಇಳಿದು ಕೈಕಾಲು ತಣ್ಣಗಾಗುತ್ತಿರುವ ಮಗುವಿನ ಮೇಲೆ ಇಟ್ಟ ಹಾಗೆ.

ಎಲ್ಲರೂ ಸೇರಿ ನಮ್ಮನ್ನು ಜಗಳಕ್ಕೆ ಹಚ್ಚಲು ನೋಡಿದರು. ಮಣೆ, ಮಣೆ ಎಂದು ನಾಗಪ್ಪ ನೆನಪು ಮಾಡಿದ. ನಮಗೆ ಮತ್ತೆ ನಗು. ಹೋಳಿಗೆಯ ಮಾತು ತೆಗೆದರು. ಎಷ್ಟು ತಿಂದಿದ್ದೀ ಎಂದು ಕಾಶವ್ವ ಕೇಳಿದಳು, ಹೊಟ್ಟೆ ಬಿರಿಯುವಷ್ಟು ಎಂದೆ, ಇಬ್ಬರೂ ನೆಲಕ್ಕೆ ಕೂತು ನಕ್ಕೆವು. ಸೂಲಗಿತ್ತಿಯ ಕಥೆ ಹೇಳಿದರು. ಅದಕ್ಕೆ ಅತ್ಯಂತ ಹೆಚ್ಚು ನಗು ಬಂತು. ಹೆಡ್ ಮಾಸ್ತರರು ಮತ್ತು ನಾಗಪ್ಪ ತಾವೇ ಜಗಳಾಡಲು ಕೂತರು, ಆದರೆ ನಗು ಎಂಬುದು ಕಣ್ಣುಬೇನೆಯ ಹಾಗೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಮಾಸ್ತರರು ಮೂರ್ಖ ಎಂದು ಶುರು ಮಾಡಿ ಮುಗಿಸಲಾಗದೆ ಬಿದ್ದುಬಿದ್ದು ನಕ್ಕರು. ಕೆಂಚಪ್ಪ ಯಾರನ್ನೂ ಬೈಯಲಿಲ್ಲ. ಅಜ್ಜನ ಡಬರಿಯನ್ನು ತಂದು ಹಂಡೆಯ ಮಗ್ಗುಲಲ್ಲಿಟ್ಟು, ಅದರ ಮುಚ್ಚಳವನ್ನು ಒರೆಸತೊಡಗಿದ. ಊರು ಬಿಡುವವನು ಒರೆಸುವ ಹಾಗೆ.

ಕಾಶವ್ವನ ನಗು ನಿಂತಿತು. ಅವಳು ಎದ್ದು ಕೈ ತೊಳೆದಳು. ಮಣೆಯನ್ನು ಸೆರಗಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡಳು.

“ಫಕೀರಿ, ಕೇಳಿಲ್ಲಿ. ಈ ಮಣಿ ನಿಂದ.”

ನಾನು ಇನ್ನೂ ನಗುತ್ತಿದ್ದೆ.

“ಸಣ್ಣಾಕಿ ಬಂದ ಮ್ಯಾಲೆ ಆಕಿ ಕೈಯಾಗ ಕೊಡು ಅಂತ ಅತ್ತಿ ನನ್ನ ಕೈ ಹಿಡದು ಹೇಳಿದ್ಲು. ನಾ ಕೊಡಲಿಲ್ಲ. ಬೇಕಂತನ ಕೊಡಲಿಲ್ಲ.”

“ಏನಂದಿ?”

“ಕಿವ್ಯಾಗ ಶಾವಗಿ ಹೊಕ್ಕೈತೇನ? ಮಣಿ ನಿಂದ ಅಂದೆ. ಕೊಡೂದಿಲ್ಲ ಅಂದೆ. ಏನ ಹರ್ಕೋತಿ ಹರ್ಕೋ.”

ಹೇಳಿ, ಜನರ ನಡುವೆ ದಾರಿ ಮಾಡಿಕೊಂಡು ನಡೆದಳು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಕಾಲಿನ ಉಗುರಿನಿಂದ ನೆತ್ತಿಯ ತನಕ ಉರಿ ಹತ್ತಿತು. ಅವಳ ಹಿಂದೆ ಬಿದ್ದು ನಾನು ಏನೇನು ಅಂದೆನೋ, ಇಲ್ಲಿ ಬರೆಯುವ ಹಾಗಿಲ್ಲ. ಮೋದಿನಸಾಬ ಕಿವಿ ಮುಚ್ಚಿಕೊಂಡ. ಅವಳೇನು ಕಡಿಮೆಯೇ? ನಡೆಯುತ್ತಲೇ, ತಿರುಗಿ ನೋಡದೆ, ಒಂದಕ್ಕೆ ಎರಡು ಕೊಟ್ಟಳು. ಹಿತ್ತಿಲಲ್ಲಿ ಹಂಡೆಯ ಮುಚ್ಚಳ ಹಾರಿ ಚಪ್ಪರದ ಜಂತಿಗೆ ಬಡಿಯಿತು. ಬೆಂಚಿನ ಮೇಲಿನ ಬೋಗುಣಿಗಳೆಲ್ಲ ಒಟ್ಟಿಗೆ ಹೊಗೆಯಾಡಿದವು. ಜನ ಹೋ ಎಂದು ಕೂಗಿ, ಬಂದು ಕೂತು, ಸೊರಸೊರ ಶುರು ಮಾಡಿದರು. ಕೆಂಚಪ್ಪ ಅವಳ ಬೆನ್ನಿಗೆ ಒಮ್ಮೆ, ನನ್ನ ಬೆನ್ನಿಗೆ ಒಮ್ಮೆ ಬಾಗುತ್ತ, ನಿಮ್ಮ ಹೆಣಾ ಎತ್ಲಿ ಅವ್ವಾರ, ನಿಮ್ಮ ಹೆಣಾ ಎತ್ಲಿ ಎಂದು ಅಳುತ್ತಿದ್ದ.

ಕಾಶವ್ವ ಗಿಡ್ಡ ಹೆಂಗಸು. ನೀಲಿ ಪರದೆಯ ಕೆಳಗೆ ತಲೆ ಬಗ್ಗಿಸದೆಯೇ ಹೋದಳು. ರಸ್ತೆ ದಾಟಿದಳು. ಮಣೆ ಅವಳ ಕಂಕುಳಲ್ಲಿ ಬಿಸಿಲಿಗೆ ಮಿಂಚಿತು. ಅಷ್ಟರಲ್ಲಿ ಬಸ್ಸು ಬಂತು. ಹತ್ತುವ ಮುಂಚೆ ಏನೋ ಒಂದು ಅಂದಳು, ಬಸ್ಸಿನ ಸದ್ದಿಗೆ ನನಗೆ ಕೇಳಲಿಲ್ಲ. ಕೇಳದ ಬೈಗುಳಕ್ಕೆ ಏನೆಂದು ಉತ್ತರ ಕೊಡುವುದು? ನನ್ನ ಸಿಟ್ಟು ಇನ್ನೂ ಏರಿತು.

ಸಂಜೆಗೆ ಬರುತ್ತಾಳೆ ಅಂದುಕೊಂಡೆ. ಗೋಡೆಯ ಆಚೆ ದೀಪ ಹತ್ತಲಿಲ್ಲ. ಹಬ್ಬಕ್ಕೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಮಗಳ ಊರಿನಲ್ಲಿದ್ದಾಳೆಂದು ಕೆಲವರು, ಅದಕ್ಕೂ ಆಚೆ ಹೋದಳೆಂದು ಕೆಲವರು. ಹಂಡೆ ಉಳಿಸಲು ಸುಳ್ಳು ಹೇಳಿದಳು, ದೊಡ್ಡ ಮನಸ್ಸು ಎಂದು ಹೆಡ್ ಮಾಸ್ತರರು ಹೇಳುತ್ತಾರೆ. ದೊಡ್ಡ ಮನಸ್ಸಂತೆ. ಅವಳು ಹೇಳಿದ್ದು ನಿಜವಾದರೆ ಅವಳು ಕಳ್ಳಿ. ಸುಳ್ಳಾದರೆ, ಇಷ್ಟು ವರ್ಷ ತನ್ನ ತಪ್ಪಿಲ್ಲದೆಯೇ ನನ್ನ ಕೈಯಲ್ಲಿ ಬೈಸಿಕೊಂಡು, ಕೊನೆಗೆ ನನ್ನನ್ನೇ ಸಾಲಗಾರಳನ್ನಾಗಿ ಮಾಡಿ ಹೋದ ಮಳ್ಳಿ. ಯಾವುದೇ ಆದರೂ ಅವಳನ್ನು ಬಿಡುವ ಮಾತೇ ಇಲ್ಲ.

ಅವಳು ಹೋದ ಮರುದಿನ ಬೆಳಗ್ಗೆ ಕೆಂಚಪ್ಪ ಅವಳ ಗೋಣಿತಟ್ಟಿನ ಮೇಲೆ ಬೇರೆ ಯಾರನ್ನೋ ಕೂರಿಸಲು ಬಂದ. ನಾನು ಎಬ್ಬಿಸಿ ಕಳಿಸಿದೆ. ಹಂಡೆಯ ಈಚೆ ಕೂತು, ಆಚೆಯ ಖಾಲಿ ತಟ್ಟಿಗೆ, ಯಕ್ಕಾ ಎಂದು ಶುರು ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಊರಿನವರು ತಲೆ ಅಲ್ಲಾಡಿಸಿದರು. ನಾನು ನನ್ನದಷ್ಟು ಅಂದು, ಬಾಯಿ ಮುಚ್ಚಿ, ಅವಳ ಸರದಿಗೆ ಜಾಗ ಬಿಟ್ಟು ಕಾದೆ.

ಹಂಡೆ ಗೊಳ ಅಂದಿತು. ಆಮೇಲೆ ಗೊಳಗೊಳ ಅಂದಿತು. ಇವತ್ತಿಗೂ ದಿನಾ ಬೆಳಗ್ಗೆ ಅನ್ನುತ್ತದೆ. ಒಬ್ಬರ ಸಿಟ್ಟಿಗೆ ನಮ್ಮೂರಲ್ಲಿ ಏನೂ ಕಾಯುವುದಿಲ್ಲ. ಎಲ್ಲಿ ಕೂತಿದ್ದಾಳೋ, ಆ ಬಾಯಿಬಡಕಿ ಇನ್ನೂ ಬಾಯಿ ಮುಚ್ಚಿಲ್ಲ.